ಶಾಲೆ ಶುರುವಾಯ್ತು, ಟೀಚರ್ ಇನ್ನೂ ಬಂದಿಲ್ಲ: ಪೋಷಕರು, ಎಸ್‌ಡಿಎಂಸಿಯವರು ಏನು ಮಾಡಬೇಕು?

ಮೇ ಕೊನೆಯ ವಾರ ಸರ್ಕಾರಿ ಶಾಲೆಗಳು ಬಾಗಿಲು ತೆರೆಯುತ್ತವೆ. ಗೇಟಿಗೆ ಮಾವಿನ ತೋರಣ, ಊಟಕ್ಕೆ ಪಾಯಸ, ಕೈಗೆ ಹೊಸ ಪುಸ್ತಕ. ಎರಡೇ ದಿನಕ್ಕೆ ಮಗು ಮನೆಗೆ ಬಂದು, "ಅಮ್ಮಾ, ನಮ್ಗೆ ಈ ವರ್ಷ ಮ್ಯಾತ್ಸ್ ಮಿಸ್ ಇಲ್ವಂತೆ" ಅನ್ನುತ್ತದೆ. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಹೊಸದಲ್ಲ ಅಂತ ಸುಮ್ನೆ ಕೂತರೆ ಮಾತ್ರ ದಸರಾ ರಜೆ ಬರುವವರೆಗೂ ಆ ಕುರ್ಚಿ ಖಾಲಿಯೇ ಉಳಿಯುತ್ತದೆ.

ಈ ಲೇಖನ ಚಿಕ್ಕಬಳ್ಳಾಪುರ ಜಿಲ್ಲೆಯ ಪೋಷಕರು ಮತ್ತು ಎಸ್‌ಡಿಎಂಸಿ (ಶಾಲೆಯ ಪೋಷಕರ ಸಮಿತಿ) ಸದಸ್ಯರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕೋಲಾರದವರಿಗೂ ದಾರಿ ಇದೇ. ತುಮಕೂರು ಜಿಲ್ಲೆಯವರು ಮಾತ್ರ ಒಂದು ವಿಷಯ ಗಮನಿಸಿ. ಅಲ್ಲಿ ಶೈಕ್ಷಣಿಕ ಜಿಲ್ಲೆ ಎರಡಿವೆ. ಪಾವಗಡ, ಶಿರಾ, ಕೊರಟಗೆರೆ, ಮಧುಗಿರಿ ತಾಲ್ಲೂಕಿನವರ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿ ಇರುವುದು ಮಧುಗಿರಿಯಲ್ಲಿ. ಪಾವಗಡದಿಂದ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಅರ್ಜಿ ಕೊಟ್ಟು ಬಂದರೆ ಒಂದು ದಿನ ದಂಡ.

ಮೊದಲೇ ಹೇಳಿಬಿಡುತ್ತೇನೆ. "ನಮ್ಮ ಶಾಲೆಗೆ ಟೀಚರ್ ಇಲ್ಲ" ಅನ್ನುವುದು ಅಳಲು, ಅರ್ಜಿ ಅಲ್ಲ. ಯಾವ ಹುದ್ದೆ, ಯಾಕೆ ಖಾಲಿ, ಯಾವ ತಾರೀಖಿನಿಂದ ಖಾಲಿ: ಈ ಮೂರನ್ನು ಹೇಳಬಲ್ಲ ಊರಿನ ಫೈಲು ಮುಂದೆ ಹೋಗುತ್ತದೆ. ಮಿಕ್ಕವರಿಗೆ "ನೋಡೋಣ, ಮೇಲಕ್ಕೆ ಬರೆದಿದ್ದೀವಿ" ಎಂಬ ಉತ್ತರ ಸಿಗುತ್ತದೆ.

ಜೂನ್ ಬಂದರೆ ಯಾಕೆ ಹೀಗೆ?

ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ್ದು ತಿಂಗಳ ಒಂದನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಸೇವೆ ಮುಗಿಯುತ್ತದೆ. ಈಗ ನಿಮ್ಮ ಊರಿನ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1! ಆಗೆಲ್ಲ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರೇ ಅಂದಾಜಿಗೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಹಾಗೆ ಬರೆಸಿಕೊಂಡ ಮಕ್ಕಳಲ್ಲಿ ಕೆಲವರು ಮುಂದೆ ತಾವೇ ಮೇಷ್ಟ್ರಾದರು. ಅವರೆಲ್ಲ ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಸರಿಯಾಗಿ ಶಾಲೆ ಶುರುವಾಗುವ ಹೊತ್ತಿಗೆ.

ಇದರ ಜೊತೆಗೆ ವರ್ಗಾವಣೆ. ಕೌನ್ಸೆಲಿಂಗ್, ಅಂದರೆ ಟೀಚರ್‌ಗಳು ಖಾಲಿ ಹುದ್ದೆಗಳ ಪಟ್ಟಿ ನೋಡಿ ಶಾಲೆ ಆರಿಸಿಕೊಳ್ಳುವ ಪ್ರಕ್ರಿಯೆ, ಬೇಸಿಗೆ ರಜೆಯಲ್ಲೇ ಮುಗಿದುಬಿಟ್ಟರೆ ಎಲ್ಲರಿಗೂ ಅನುಕೂಲ. ಆದರೆ ಶಾಲೆ ಶುರುವಾದ ಮೇಲೂ ಅದು ನಡೆದ ವರ್ಷಗಳಿವೆ. ಹೆದ್ದಾರಿ 44ರ ಪಕ್ಕದ ಶಾಲೆಗಳಿಗೆ ಬೆಂಗಳೂರು, ಚಿಕ್ಕಬಳ್ಳಾಪುರದಿಂದ ಓಡಾಡುವ ಟೀಚರ್‌ಗಳು ಬಂದಾರು. ಬಸ್ಸು ಇಳಿದು ಮತ್ತೆ ಐದಾರು ಕಿಲೋಮೀಟರ್ ಒಳಗೆ ಹೋಗಬೇಕಾದ ಗಡಿ ಹಳ್ಳಿಯನ್ನು ಯಾರೂ ಆಸೆಪಟ್ಟು ಆರಿಸಿಕೊಳ್ಳುವುದಿಲ್ಲ. ಅವರನ್ನೂ ಬೈಯುವಂತಿಲ್ಲ, ಅಲ್ವಾ?

ಹೊಸ ನೇಮಕಾತಿಯ ವೇಗವೂ ಗೊತ್ತಿರಲಿ. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ತೆಗೆದುಕೊಳ್ಳಲು 2022ರ ಮೇನಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಮಹಿಳೆಯರ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ತಕರಾರು ಕೋರ್ಟ್ ಮೆಟ್ಟಿಲೇರಿತು. ಆಯ್ಕೆಯಾದವರು ಶಾಲೆ ಸೇರುವಾಗ 2023 ಮುಗಿಯುತ್ತಾ ಬಂದಿತ್ತು. ಹಾಗಾಗಿ "ಹೊಸ ನೇಮಕಾತಿ ಆಗುತ್ತೆ, ಕಾಯಿರಿ" ಅಂತ ಯಾರಾದರೂ ಅಂದರೆ ತಲೆಯಾಡಿಸಿ, ನಿಮ್ಮ ಕೆಲಸ ನೀವು ಮುಂದುವರಿಸಿ.

ಮೊದಲ ಕೆಲಸ: ಯಾವ ಥರದ ಖಾಲಿ ಅಂತ ಪತ್ತೆ ಮಾಡಿ

ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನಡೆಯುವ ಮಾತುಕತೆ ಹೆಚ್ಚು ಕಡಿಮೆ ಹೀಗಿರುತ್ತದೆ.

"ಸಾರ್, ನಮ್ ಸ್ಕೂಲಿಗೆ ಟೀಚರ್ ಕೊಡಿ ಸಾರ್. ಐದು ಕ್ಲಾಸಿಗೆ ಇಬ್ಬರೇ ಇರೋದು."

ಗುಮಾಸ್ತರು ಕಂಪ್ಯೂಟರ್ ನೋಡುತ್ತಾರೆ. "ಏನಮ್ಮಾ, ನಿಮ್ ಶಾಲೇಲಿ ಮೂರು ಹುದ್ದೆ. ಮೂರೂ ಭರ್ತಿ ಇದೆಯಲ್ಲ. ಖಾಲಿನೇ ಇಲ್ಲ."

ಇಬ್ಬರೂ ಹೇಳುತ್ತಿರುವುದು ನಿಜವೇ. ಮೂರನೆಯವರು ನಿಯೋಜನೆ ಮೇಲೆ ಬೇರೆಲ್ಲೋ ಇದ್ದಾರೆ. ಸಂಬಳ ನಿಮ್ಮ ಶಾಲೆಯ ಹೆಸರಲ್ಲಿ, ಕೆಲಸ ಇನ್ನೊಂದು ಕಡೆ. ದಾಖಲೆಯ ಪ್ರಕಾರ ಹುದ್ದೆ ತುಂಬಿದೆ. ಇಲ್ಲಿ "ಹೊಸ ಟೀಚರ್ ಕೊಡಿ" ಅಂದರೆ ಅರ್ಜಿ ಅಲ್ಲಿಗೇ ಮುಗಿಯಿತು. "ನಿಯೋಜನೆ ರದ್ದು ಮಾಡಿ, ನಮ್ಮ ಟೀಚರ್ ವಾಪಸ್ ಕಳಿಸಿ" ಅಂತ ಕೇಳಬೇಕು.

ಹಾಗಾಗಿ ಮೊದಲು ಮುಖ್ಯ ಶಿಕ್ಷಕರ ಹತ್ತಿರ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಮುಖ್ಯ ಶಿಕ್ಷಕರದ್ದು, ಸಹ ಶಿಕ್ಷಕರದ್ದು, ದೈಹಿಕ ಶಿಕ್ಷಕರದ್ದು ಎಷ್ಟು. ಹಾಜರಾತಿ ಪುಸ್ತಕದಲ್ಲಿ ಯಾರ ಹೆಸರಿದೆ, ದಿನಾ ಶಾಲೆಗೆ ಬರುವವರು ಯಾರು. ಈ ಎರಡಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೇ ಉತ್ತರ ಇದೆ.

ಹುದ್ದೆ ನಿಜವಾಗಿಯೂ ಖಾಲಿ ಇದ್ದರೆ, ಅಂದರೆ ನಿವೃತ್ತಿ, ವರ್ಗಾವಣೆ, ಬಡ್ತಿ ಅಥವಾ ಸಾವಿನಿಂದ ತೆರವಾಗಿದ್ದರೆ, ದಾರಿ ಎರಡು: ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರು, ಅಲ್ಲಿಯವರೆಗೆ ಗೌರವಧನಕ್ಕೆ ತಾತ್ಕಾಲಿಕವಾಗಿ ಕಲಿಸುವ ಅತಿಥಿ ಶಿಕ್ಷಕರು. ಟೀಚರ್ ದೀರ್ಘ ರಜೆಯಲ್ಲಿದ್ದರೆ ಕತೆ ಬೇರೆ. ಹೆರಿಗೆ ರಜೆಯೇ 180 ದಿನ. ಅದು ಅವರ ಹಕ್ಕು, ಅದಕ್ಕೆ ಗೊಣಗಬೇಡಿ. ಆದರೆ ಅಷ್ಟೂ ದಿನ ತರಗತಿ ಖಾಲಿ ಬಿಡುವಂತಿಲ್ಲ. ಪಕ್ಕದ ಶಾಲೆಯಿಂದ ವಾರಕ್ಕೆ ಕೆಲವು ದಿನವಾದರೂ ಯಾರನ್ನಾದರೂ ಹಾಕಿ ಅಂತ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಮೂಲಕ ಕೇಳಬಹುದು.

ಹುದ್ದೆಯೇ ಬೇರೆ ಶಾಲೆಗೆ ಹೋಗಿಬಿಟ್ಟಿರುವ ಸಂದರ್ಭವೂ ಉಂಟು. ಮಕ್ಕಳ ಸಂಖ್ಯೆ ಇಳಿದ ಶಾಲೆಯ ಟೀಚರ್‌ಗಳನ್ನು "ಹೆಚ್ಚುವರಿ" ಎಂದು ಗುರುತಿಸಿ ಬೇರೆಡೆಗೆ ಮರುಹೊಂದಾಣಿಕೆ ಮಾಡುತ್ತಾರೆ. ಆಗ ನೀವು ಖಾಲಿ ಹುದ್ದೆ ತುಂಬಿಸಿ ಅಂತಲ್ಲ, ಹುದ್ದೆ ವಾಪಸ್ ಕೊಡಿ ಅಂತ ಕೇಳಬೇಕು. ಅದಕ್ಕೆ ಮಕ್ಕಳ ಲೆಕ್ಕ ಬೇಕು.

ಇನ್ನೊಂದು ಮಾತು. ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬರೇ ಟೀಚರ್ ಕಲಿಸುವುದನ್ನು ನೋಡಿ ಕೆಲವು ಪೋಷಕರು "ಮೂರು ಕ್ಲಾಸಿಗೆ ಒಬ್ಬರೇ!" ಅಂತ ದೂರು ಬರೆಯುತ್ತಾರೆ. ಅದು ನಲಿ-ಕಲಿ. ಆ ಪದ್ಧತಿ ಇರುವುದೇ ಹಾಗೆ. ಅದನ್ನು ಖಾಲಿ ಹುದ್ದೆಯ ಲೆಕ್ಕಕ್ಕೆ ಸೇರಿಸಿದರೆ ನಿಮ್ಮ ಉಳಿದ ನ್ಯಾಯವಾದ ದೂರಿನ ತೂಕವೂ ಇಳಿಯುತ್ತದೆ.

ಕಾನೂನು ಎಷ್ಟು ಟೀಚರ್ ಕೊಡು ಅನ್ನುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಇ ಅನ್ನುವುದು, 1ರಿಂದ 8ನೇ ತರಗತಿಗೆ ಅನ್ವಯ. ಖಾಸಗಿ ಶಾಲೆಯ ಶೇ 25 ಸೀಟಿನಿಂದಾಗಿ ಈ ಹೆಸರು ಊರಿಗೆಲ್ಲ ಗೊತ್ತು. ಸರ್ಕಾರಿ ಶಾಲೆಗೆ ಎಷ್ಟು ಟೀಚರ್ ಇರಬೇಕು ಎಂಬುದು ಅದೇ ಕಾಯ್ದೆಯ ಅನುಸೂಚಿಯಲ್ಲಿದೆ ಅನ್ನುವುದು ಯಾಕೋ ಅಷ್ಟು ಪ್ರಚಾರ ಆಗಲಿಲ್ಲ.

ಅದರ ಪ್ರಕಾರ 1ರಿಂದ 5ನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ 2 ಟೀಚರ್. 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಕ್ಕಳು 150 ದಾಟಿದರೆ ಇದರ ಮೇಲೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ ಲೆಕ್ಕ ಬೇರೆ. ತರಗತಿಗೊಬ್ಬರಾದರೂ ಬೇಕು. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಜೊತೆಗೆ 35 ಮಕ್ಕಳಿಗೆ ಒಬ್ಬರಾದರೂ ಬರಬೇಕು.

ಉದಾಹರಣೆಗೆ ನಿಮ್ಮದು 1ರಿಂದ 7ರವರೆಗಿನ ಹಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳಿ. ಐದರವರೆಗೆ 64 ಮಕ್ಕಳು, ಆರು-ಏಳರಲ್ಲಿ 31. ಮೊದಲ ಗುಂಪಿಗೆ 3 ಜನ, ಎರಡನೆಯದಕ್ಕೆ ವಿಷಯವಾರು 3 ಜನ. ಈ ಲೆಕ್ಕವನ್ನು ಅರ್ಜಿಯಲ್ಲಿ ಎರಡು ಸಾಲಿನಲ್ಲಿ ಬರೆಯಿರಿ, ಸಾಕು.

ಇದೇ ಕಾಯ್ದೆಯ ಕಲಂ 26 ಇನ್ನೂ ಚುರುಕು. ಒಂದು ಶಾಲೆಗೆ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಎನ್ನುತ್ತದೆ ಅದು. ಐದು ಹುದ್ದೆಯ ಶಾಲೆಯಲ್ಲಿ ಶೇ 10 ಅಂದರೆ ಅರ್ಧ ಟೀಚರ್! ಅಂದರೆ ನಮ್ಮ ಹಳ್ಳಿ ಶಾಲೆಗಳಲ್ಲಿ ಒಂದೇ ಹುದ್ದೆ ಖಾಲಿಯಾದರೂ ಮಿತಿ ಮೀರಿತು ಅಂತಲೇ ಅರ್ಥ. ಕಲಂ 27ನ್ನೂ ನೆನಪಿಟ್ಟುಕೊಳ್ಳಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಟೀಚರ್‌ಗಳನ್ನು ಹಾಕಬಾರದು ಎನ್ನುತ್ತದೆ. ಬರೆದದ್ದು ಹೀಗಿದ್ದರೂ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಹಾಕಿ, ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದನ್ನು ನಾವೆಲ್ಲ ನೋಡಿದ್ದೇವೆ.

ಪ್ರೌಢಶಾಲೆಯವರು 9 ಮತ್ತು 10ನೇ ತರಗತಿಗೆ ಈ ಕಾಯ್ದೆ ಹೇಳಬೇಡಿ, ನಡೆಯುವುದಿಲ್ಲ. ಅಲ್ಲಿ ವಿಷಯದ ಹೆಸರು ಹಿಡಿದು ಕೇಳಬೇಕು: ಪಿಸಿಎಂ (ಭೌತ, ರಸಾಯನ, ಗಣಿತ) ಖಾಲಿಯೋ, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಖಾಲಿಯೋ, ಇಂಗ್ಲಿಷೋ, ಹಿಂದಿಯೋ. "ಇಬ್ಬರು ಟೀಚರ್ ಬೇಕು" ಅಂತ ಬರೆದರೆ ಆಗಲೇ ಒಬ್ಬರಿರುವ ವಿಷಯಕ್ಕೇ ಇನ್ನೊಬ್ಬರನ್ನು ಕಳಿಸಿದರೂ ಕಳಿಸಿಯಾರು.

ಮಕ್ಕಳ ಹೆಸರು ಸ್ಯಾಟ್ಸ್‌ನಲ್ಲಿ ಇದೆಯೇ?

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಜೂನ್ ತಿಂಗಳ ಅತಿ ಮುಖ್ಯ ಕೆಲಸ ಇದೇ.

ಟೀಚರ್ ಎಷ್ಟು ಬೇಕು ಅನ್ನುವುದನ್ನು ಇಲಾಖೆ ತರಗತಿಗೆ ಬಂದು ತಲೆ ಎಣಿಸಿ ತೀರ್ಮಾನಿಸುವುದಿಲ್ಲ. ಮಕ್ಕಳ ದಾಖಲಾತಿ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಎಷ್ಟು ಹೆಸರಿದೆಯೋ ಅಷ್ಟೇ ಮಕ್ಕಳು. ಇಟ್ಟಿಗೆ ಗೂಡಿನ ಕೆಲಸಕ್ಕೆ, ರೇಷ್ಮೆ ಕೆಲಸಕ್ಕೆ ಬೇರೆ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಕೂತಿರುತ್ತಾರೆ, ಹಳೆಯ ಶಾಲೆಯಿಂದ ಟಿಸಿ ಬಂದಿರುವುದಿಲ್ಲ, ಹೆಸರು ಹತ್ತಿರುವುದಿಲ್ಲ. ಗಡಿಯಾಚೆ ಆಂಧ್ರದಿಂದ ಬಂದ ಮಕ್ಕಳದ್ದು ಇನ್ನೂ ತಡ. ಐದರವರೆಗಿನ ತರಗತಿಗಳಲ್ಲಿ 63 ಮಕ್ಕಳು, ದಾಖಲೆಯಲ್ಲಿ 58. ಐದು ಹೆಸರಿನ ವ್ಯತ್ಯಾಸಕ್ಕೆ ಒಬ್ಬ ಟೀಚರ್ ಹೋದರು! ಮುಂದಿನ ಸಲ ಹೆಚ್ಚುವರಿ ಪಟ್ಟಿ ಮಾಡುವಾಗ ನಿಮ್ಮ ಶಾಲೆಯ ಹೆಸರೇ ಬಂದರೂ ಬರಬಹುದು.

ಟಿಸಿ ಇಲ್ಲ ಅಂತ ದಾಖಲಾತಿ ನಿಲ್ಲಿಸುವಂತಿಲ್ಲ. ಟಿಸಿ ತಡವಾದದ್ದು ದಾಖಲಾತಿ ನಿರಾಕರಿಸಲು ಕಾರಣ ಆಗಬಾರದು ಅಂತ ಆರ್‌ಟಿಇ ಕಾಯ್ದೆಯೇ ಹೇಳುತ್ತದೆ. ಎಸ್‌ಡಿಎಂಸಿಯವರು ಜೂನ್ ಎರಡನೇ ವಾರ ಮುಖ್ಯ ಶಿಕ್ಷಕರ ಜೊತೆ ಕೂತು ತರಗತಿವಾರು ಹಾಜರಾತಿಯನ್ನೂ ಸ್ಯಾಟ್ಸ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರಭಾರ ಮುಖ್ಯ ಶಿಕ್ಷಕರಿಗೆ ಕಂಪ್ಯೂಟರ್ ಕೆಲಸ ಕಷ್ಟವಾದರೆ ಊರಲ್ಲಿ ಡಿಗ್ರಿ ಓದುವ ಯಾರಾದರೂ ಇದ್ದೇ ಇರುತ್ತಾರೆ, ಪಕ್ಕದಲ್ಲಿ ಕೂತು ಸಹಾಯ ಮಾಡಲಿ. ಪಾಸ್‌ವರ್ಡ್ ಮಾತ್ರ ಮೇಷ್ಟ್ರ ಹತ್ತಿರವೇ ಇರಲಿ.

ಸಭೆ, ನಡಾವಳಿ, ಮನವಿ

ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು 2001ರಿಂದ ಇದೆ. ಆರ್‌ಟಿಇ ಬಂದ ಮೇಲೆ ಇದಕ್ಕೆ ಕಾನೂನಿನ ಬಲವೂ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಒಬ್ಬ ಪೋಷಕರು ಹೋಗಿ ಕೇಳುವುದಕ್ಕೂ ಸಮಿತಿಯ ನಡಾವಳಿ ಹಿಡಿದು ಹೋಗುವುದಕ್ಕೂ ವ್ಯತ್ಯಾಸ ಇದೆ.

ಸಭೆ ಕರೆಯಿರಿ. ವಿಷಯ ಒಂದೇ ಇಟ್ಟುಕೊಳ್ಳಿ. ಕಾಂಪೌಂಡು, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಇದೇ ಸಭೆಗೆ ಎಳೆದರೆ ಟೀಚರ್ ವಿಷಯ ಮೂರನೇ ಪುಟಕ್ಕೆ ಹೋಗುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಹೆಬ್ಬೆಟ್ಟು ಒತ್ತುವವರ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಆಮೇಲೆ ಮನವಿ. ಉದ್ದ ಬೇಡ, ಹೀಗಿದ್ದರೆ ಸಾಕು:

"ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ವಿಷಯ: ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಖಾಲಿ ಇರುವ ಗಣಿತ-ವಿಜ್ಞಾನ ಶಿಕ್ಷಕರ ಹುದ್ದೆಯ ಬಗ್ಗೆ. ನಮ್ಮ ಶಾಲೆಗೆ ಮಂಜೂರಾದ ಹುದ್ದೆ 6. ಕೆಲಸ ಮಾಡುತ್ತಿರುವವರು 4. ಗಣಿತ-ವಿಜ್ಞಾನ ಶಿಕ್ಷಕರು ಮೇ 31ರಂದು ನಿವೃತ್ತರಾಗಿದ್ದಾರೆ. ಇನ್ನೊಬ್ಬ ಸಹ ಶಿಕ್ಷಕರು ನಿಯೋಜನೆ ಮೇಲೆ ಬೇರೆ ಕಡೆ ಇದ್ದಾರೆ. ಸ್ಯಾಟ್ಸ್ ಪ್ರಕಾರ ಮಕ್ಕಳ ಸಂಖ್ಯೆ 95. ಒಂದು, ಖಾಲಿ ಹುದ್ದೆಯನ್ನು ಕೌನ್ಸೆಲಿಂಗ್ ಪಟ್ಟಿಯಲ್ಲಿ ತೋರಿಸಬೇಕು. ಎರಡು, ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಮಂಜೂರು ಮಾಡಬೇಕು. ಮೂರು, ನಿಯೋಜನೆಯನ್ನು ರದ್ದು ಮಾಡಬೇಕು. ಸಮಿತಿಯ ನಡಾವಳಿಯ ಪ್ರತಿ ಲಗತ್ತಿಸಿದೆ."

ಮೇಲ್ಗಡೆ ಶಾಲೆಯ ಯುಡೈಸ್ ಸಂಖ್ಯೆ ಬರೆಯಿರಿ. 29ರಿಂದ ಶುರುವಾಗುವ 11 ಅಂಕಿಯ ಸಂಖ್ಯೆ ಅದು. ಒಂದೇ ಹೆಸರಿನ ಊರುಗಳು ಒಂದೇ ತಾಲ್ಲೂಕಿನಲ್ಲಿ ಎರಡು-ಮೂರು ಇರುತ್ತವೆ, ಸಂಖ್ಯೆ ಇದ್ದರೆ ಗೊಂದಲ ಇಲ್ಲ. ನಿಯೋಜನೆಯಲ್ಲಿರುವ ಟೀಚರ್ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಹುದ್ದೆಯ ಬಗ್ಗೆ ಕೇಳಿ, ವ್ಯಕ್ತಿಯ ಮೇಲೆ ದೂರು ಬೇಡ. ನಾಳೆ ಅವರೇ ವಾಪಸ್ ಬಂದು ನಿಮ್ಮ ಮಕ್ಕಳಿಗೆ ಕಲಿಸಬೇಕಾದವರು.

ಕೌನ್ಸೆಲಿಂಗ್ ಪಟ್ಟಿಯ ಬೇಡಿಕೆಯನ್ನು ಮೊದಲನೆಯದಾಗಿ ಇಟ್ಟಿದ್ದಕ್ಕೆ ಕಾರಣ ಇದೆ. ವರ್ಗಾವಣೆ ಕೇಳುವ ಟೀಚರ್ ಪಟ್ಟಿಯಲ್ಲಿ ಕಾಣುವ ಶಾಲೆಯನ್ನಷ್ಟೇ ಆರಿಸಬಲ್ಲರು. ನಿಮ್ಮ ಖಾಲಿ ಹುದ್ದೆ ಅಲ್ಲಿ ಕಾಣದಿದ್ದರೆ, ಪಕ್ಕದೂರಿನವರೇ ಆದ ಟೀಚರ್ ಬರಲು ತಯಾರಿದ್ದರೂ ಬರಲಾಗುವುದಿಲ್ಲ. ಪಟ್ಟಿ ಪ್ರಕಟವಾದ ದಿನವೇ ನೋಡಿ. ಬಿಟ್ಟುಹೋಗಿದ್ದರೆ ಆಕ್ಷೇಪಣೆಯನ್ನು ಅವತ್ತೇ ಬರಹದಲ್ಲಿ ಕೊಡಿ.

ಮನವಿಯನ್ನು ಸಾಹೇಬರ ಕೈಗೇ ಕೊಡಬೇಕು ಎಂಬ ಹಟ ಕೆಲವರಿಗೆ. ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ, ಇವರು ಸಂಜೆವರೆಗೆ ಬೆಂಚಿನ ಮೇಲೆ. ಕೈಗೆ ಕೊಡಿ, ಒಳ್ಳೆಯದೇ. ಆದರೆ ಇನ್ನೊಂದು ಪ್ರತಿಗೆ ಟಪಾಲು ವಿಭಾಗದಲ್ಲಿ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸದೆ ಹೊರಗೆ ಬರಬೇಡಿ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಅತಿಥಿ ಶಿಕ್ಷಕರು: ಸದ್ಯಕ್ಕೆ ಕೈಗೆ ಸಿಗುವ ದಾರಿ

ಕಾಯಂ ಟೀಚರ್ ಬರುವವರೆಗೆ ತರಗತಿ ನಡೆಯುವುದು ಇವರಿಂದಲೇ. ಪ್ರತಿ ವರ್ಷ ಸರ್ಕಾರ ಇಂತಿಷ್ಟು ಅತಿಥಿ ಶಿಕ್ಷಕರು ಅಂತ ಮಂಜೂರು ಮಾಡುತ್ತದೆ. ಅದು ತಾಲ್ಲೂಕುವಾರು ಹಂಚಿಕೆಯಾಗಿ, ಬಿಇಒ ಕಚೇರಿಯಿಂದ ಶಾಲೆಗೆ ಬರುತ್ತದೆ. ಹಂಚುವ ವಾರದಲ್ಲಿ ನಿಮ್ಮ ಮನವಿ ಟೇಬಲ್ ಮೇಲೆ ಇರಬೇಕು. ಹಂಚಿಕೆ ಮುಗಿದ ಮೇಲೆ ಹೋದರೆ "ಮುಂದಿನ ಕಂತಿನಲ್ಲಿ ನೋಡೋಣ".

ಶಾಲೆಗೆ ಮಂಜೂರಾತಿ ಬಂದ ಮೇಲೆ ಆಯ್ಕೆಯ ಜವಾಬ್ದಾರಿ ಮುಖ್ಯ ಶಿಕ್ಷಕರದ್ದು. ಎಸ್‌ಡಿಎಂಸಿಗೂ ಗೊತ್ತಿದ್ದೇ ನಡೆಯಬೇಕು. ಇಲ್ಲಿ ಊರ ರಾಜಕೀಯ ನುಗ್ಗುತ್ತದೆ. ಅಧ್ಯಕ್ಷರ ಸೊಸೆ, ಮೆಂಬರ್ ತಮ್ಮನ ಮಗಳು, ಹೀಗೆ. ಅವರಿಗೆ ಅರ್ಹತೆ ಇದ್ದರೆ ಅಡ್ಡಿಯಿಲ್ಲ. ಆದರೆ ಶಾಲೆ ಮತ್ತು ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಹಾಕಿ, ಅರ್ಜಿ ತೆಗೆದುಕೊಂಡು, ಆ ವರ್ಷದ ಸುತ್ತೋಲೆಯಲ್ಲಿ ಹೇಳಿದ ವಿದ್ಯಾರ್ಹತೆ ಮತ್ತು ಅಂಕ ನೋಡಿ ಆರಿಸಿ. ಡಿ.ಇಡಿ, ಬಿ.ಇಡಿ ಮುಗಿಸಿ ಮನೆಯಲ್ಲಿ ಕೂತವರು ನಮ್ಮ ಪ್ರತಿ ಹೋಬಳಿಯಲ್ಲೂ ಇದ್ದಾರೆ. ನೋಟಿಸ್ ಹಾಕದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ.

ಬಾಗೇಪಲ್ಲಿ, ಚೇಳೂರು, ಪಾವಗಡ, ಮುಳಬಾಗಿಲು, ಶ್ರೀನಿವಾಸಪುರ ಕಡೆಯವರಿಗೆ ಒಂದು ಮಾತು. ಅಲ್ಲಿ ಎಷ್ಟೋ ಮಕ್ಕಳಿಗೆ ಮನೆಮಾತು ತೆಲುಗು. ಒಂದನೇ ಕ್ಲಾಸಿನ ಮಗುವಿಗೆ "ಪುಸ್ತಕ ತೆಗಿ" ಅಂದರೆ ಅರ್ಥವಾಗದೆ ಪಕ್ಕದವರ ಮುಖ ನೋಡುತ್ತದೆ. "ಪುಸ್ತಕಂ ತಿಯ್ಯಿ" ಅಂದರೆ ಥಟ್ಟನೆ ಚೀಲಕ್ಕೆ ಕೈ ಹಾಕುತ್ತದೆ. ಅಂಕದಲ್ಲಿ ಇಬ್ಬರು ಹತ್ತಿರ ಹತ್ತಿರ ಇದ್ದಾಗ ಎರಡೂ ಭಾಷೆ ಬಲ್ಲ ಸ್ಥಳೀಯರಿಗೆ ನಾನಾದರೆ ಮಣೆ ಹಾಕುತ್ತೇನೆ. ಉರ್ದು ಶಾಲೆಗಳವರು ಅರ್ಜಿಯಲ್ಲಿ ಮಾಧ್ಯಮವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಉರ್ದು ಹುದ್ದೆಗೆ ಉರ್ದು ಬಲ್ಲವರೇ ಬೇಕು.

ದುಡ್ಡಿನ ವಿಷಯ ಬಿಚ್ಚಿ ಹೇಳಬೇಕು. ಮೊದಲು ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000, ಪ್ರೌಢಶಾಲೆಯವರಿಗೆ 10,500 ರೂಪಾಯಿ ಗೌರವಧನ ಇತ್ತು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದರು. ಅದೂ ತಿಂಗಳು ತಿಂಗಳು ಸರಿಯಾಗಿ ಕೈಸೇರುವುದಿಲ್ಲ. ಅನುದಾನ ಬಂದು, ಬಿಲ್ಲಾಗಿ, ಖಾತೆಗೆ ಬೀಳುವಷ್ಟರಲ್ಲಿ ತಿಂಗಳುಗಟ್ಟಲೆ ಹೋಗುತ್ತದೆ. ಬಸ್ ಚಾರ್ಜಿಗೂ ಸಾಲ ಮಾಡಿಕೊಂಡು ಬರುವವರಿದ್ದಾರೆ. ಗಣಿತ ಚೆನ್ನಾಗಿ ಹೇಳಿಕೊಡುತ್ತಿದ್ದ ಹುಡುಗ ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಬಿಟ್ಟು ಹೋದರೆ ಕಾರಣ ಬೇರೆ ಹುಡುಕಬೇಡಿ. ಹಾಗಾಗಿ ಪ್ರತಿ ತಿಂಗಳ ಕೊನೆಗೆ ಅವರ ಹಾಜರಾತಿ ದೃಢೀಕರಣ ಬಿಇಒ ಕಚೇರಿಗೆ ಹೋಯಿತೇ ಎಂದು ಸಮಿತಿಯವರು ಕೇಳಿ. ಮುಖ್ಯ ಶಿಕ್ಷಕರ ತಲೆಯ ಮೇಲೆ ಹಾಲು, ಮೊಟ್ಟೆ, ಬಿಸಿಯೂಟ, ಸ್ಯಾಟ್ಸ್ ಎಲ್ಲ ಇರುತ್ತದೆ. ನೆನಪಿಸುವವರು ಒಬ್ಬರು ಬೇಕು.

ಬಿಇಒ ಕಚೇರಿಯಲ್ಲಿ ಕೆಲಸ ಆಗದಿದ್ದರೆ

ಎರಡು-ಮೂರು ವಾರ ಕಾಯಿರಿ. ಆಮೇಲೆ ಅದೇ ಮನವಿಗೆ ಸೀಲಾದ ಪ್ರತಿ ಲಗತ್ತಿಸಿ ಚಿಕ್ಕಬಳ್ಳಾಪುರದ ಡಿಡಿಪಿಐ ಕಚೇರಿಗೆ ಕೊಡಿ. ಒಂದು ಪ್ರತಿ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೂ ಹೋಗಲಿ.

ಫೋನಿನಲ್ಲೇ ದೂರು ಕೊಡಬೇಕಾದರೆ 1902. ಇದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಆದರೆ ಬರೀ 1902ಕ್ಕೆ ಫೋನ್ ಮಾಡಿ ಕೂತರೆ ಅದೇ ದೂರು ಸುತ್ತಿ ಸುತ್ತಿ ಮತ್ತೆ ಬಿಇಒ ಕಚೇರಿಗೇ ಬರುತ್ತದೆ. ನಿಮ್ಮ ಮನವಿ ಅಲ್ಲಿ ಮೊದಲೇ ಇದ್ದರೆ ಪ್ರಯೋಜನ.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆ. ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಸಭೆಗೆ ಪ್ರತಿ ಇಲಾಖೆಯ ಅಧಿಕಾರಿ ಅಂಕಿ-ಅಂಶ ಹಿಡಿದು ಬರಲೇಬೇಕು. ಸಭೆಯ ಹಿಂದಿನ ದಿನ ಶಾಸಕರ ಕಚೇರಿಗೆ ನಿಮ್ಮ ಒಂದು ಪುಟದ ಮನವಿ ತಲುಪಿಸಿ. "ಈ ಶಾಲೆ ಏನಾಯ್ತು?" ಅಂತ ಎಲ್ಲರೆದುರು ಒಂದು ಪ್ರಶ್ನೆ ಬಂದರೆ ಸಾಕು. ಶಾಸಕರಿಂದ ಶಿಫಾರಸು ಪತ್ರ ತಂದು ಪಕ್ಕದೂರಿನ ಟೀಚರನ್ನು ನಿಯೋಜನೆ ಮೇಲೆ ಎಳೆದುಕೊಳ್ಳುವ ದಾರಿಯೂ ಒಂದಿದೆ. ಅದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಮುಚ್ಚಿದ ಗುಂಡಿ ಅಲ್ಲಿ ತೆರೆಯುತ್ತದೆ, ಅಷ್ಟೇ. ಮುಂದಿನ ವರ್ಷ ಅವರೂ ಅದನ್ನೇ ನಿಮಗೆ ಮಾಡುತ್ತಾರೆ.

ಯಾರೂ ಬಾಯಿ ಬಿಡದಿದ್ದರೆ ಮಾಹಿತಿ ಹಕ್ಕು ಇದೆ. ಬಿಇಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ 'ಎ'ಯಲ್ಲಿ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ಯಾಕೆ ಟೀಚರ್ ಕೊಟ್ಟಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನುವ ಪ್ರಶ್ನೆಗೆ ಅವರು ಉತ್ತರ ಕೊಡಬೇಕಿಲ್ಲ, ದಾಖಲೆ ಕೇಳಿದರೆ ಕೊಡಲೇಬೇಕು. ಹೀಗೆ ಕೇಳಿ: "ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಾಲಾವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಪಟ್ಟಿ, ನಿಯೋಜನೆ ಮೇಲೆ ಇರುವ ಶಿಕ್ಷಕರ ಆದೇಶಗಳ ಪ್ರತಿ, ಈ ವರ್ಷದ ಅತಿಥಿ ಶಿಕ್ಷಕರ ಶಾಲಾವಾರು ಹಂಚಿಕೆ ಪಟ್ಟಿ." ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಹಂಚಿಕೆ ಪಟ್ಟಿ ಕೈಗೆ ಬಂದರೆ 40 ಮಕ್ಕಳ ಶಾಲೆಗೆ ಇಬ್ಬರು ಹೋಗಿ 95 ಮಕ್ಕಳ ನಿಮಗೆ ಒಬ್ಬರೂ ಬಂದಿಲ್ಲ ಅನ್ನುವಂಥದ್ದು ಕಣ್ಣಿಗೆ ಕಾಣುತ್ತದೆ. ಆ ಪಟ್ಟಿಯೊಂದಿಗೆ ಡಿಡಿಪಿಐ ಹತ್ತಿರ ಹೋದಾಗ ಮಾತಿನ ಧಾಟಿಯೇ ಬದಲಾಗುತ್ತದೆ.

ಕೊನೆಗೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಎಂಟನೇ ತರಗತಿವರೆಗಿನ ಶಾಲೆಗಳ ವಿಷಯದಲ್ಲಿ ಆರ್‌ಟಿಇ ಉಲ್ಲಂಘನೆಯ ದೂರು ಕೇಳುವ ಅಧಿಕಾರ ಅದಕ್ಕಿದೆ. ಪೋಸ್ಟಿನಲ್ಲಿ ಕಳಿಸಿದರೂ ನಡೆಯುತ್ತದೆ. ಆದರೆ ಕೆಳಗಿನ ಕಚೇರಿಗಳ ಸೀಲಾದ ಪ್ರತಿಗಳೆಲ್ಲ ಜೊತೆಗಿರಲಿ.

ಇವನ್ನು ಮಾಡಬೇಡಿ

ಶಾಲೆಗೆ ಬೀಗ ಹಾಕಿ ಪ್ರತಿಭಟನೆ. ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಸಾಹೇಬರೂ ಓಡಿ ಬರುತ್ತಾರೆ, ನಿಜ. ಆದರೆ ಅವತ್ತು ಮಕ್ಕಳಿಗೆ ಪಾಠವೂ ಇಲ್ಲ, ಬಿಸಿಯೂಟವೂ ಇಲ್ಲ. ಬೈಗುಳ ತಿನ್ನುವವರು ಇರುವ ಇಬ್ಬರು ಟೀಚರ್‌ಗಳು, ಬಾರದೇ ಇರುವವರಲ್ಲ. ಬೀದಿಗೆ ಇಳಿಯಲೇಬೇಕಾದರೆ ದೊಡ್ಡವರು ಬಿಇಒ ಕಚೇರಿ ಮುಂದೆ ಕೂರಿ. ಮಕ್ಕಳು ತರಗತಿಯಲ್ಲೇ ಇರಲಿ.

ಮನೆಮನೆಯಿಂದ ಇಷ್ಟಿಷ್ಟು ಅಂತ ವಸೂಲಿ ಮಾಡಿ ಟೀಚರ್ ಇಟ್ಟುಕೊಳ್ಳುವುದೂ ಬೇಡ. ಕೊಡಲಾಗದ ಮನೆಯ ಮಗು ತಲೆ ತಗ್ಗಿಸಬೇಕಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಇಲಾಖೆಯೇ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಪಡೆಯಿತು. ಊರಿನ ಹಳೇ ವಿದ್ಯಾರ್ಥಿಗಳು ತಾವಾಗಿಯೇ ಒಬ್ಬರ ಗೌರವಧನ ಕೊಡುತ್ತೇವೆ ಅಂದರೆ ಅದು ಬೇರೆ ಮಾತು. ಆಗಲೂ ನಡಾವಳಿಯಲ್ಲಿ ಬರೆದು, ಎಸ್‌ಡಿಎಂಸಿ ಬ್ಯಾಂಕ್ ಖಾತೆ ಮೂಲಕವೇ ಕೊಡಿಸಿ.

ಟಿಸಿ ತೆಗೆದುಕೊಂಡು ಮಗುವನ್ನು ಖಾಸಗಿ ಶಾಲೆ ವ್ಯಾನಿಗೆ ಹತ್ತಿಸುವುದು ಪ್ರತಿ ಮನೆಯವರ ಸ್ವಂತ ತೀರ್ಮಾನ. ಅದಕ್ಕೆ ನಾನು ಏನೂ ಹೇಳಲಾರೆ. ಲೆಕ್ಕ ಮಾತ್ರ ಹೇಳಬಲ್ಲೆ: 63 ಇದ್ದದ್ದು 59 ಆದರೆ ಉಳಿದವರಿಗೆ ಒಬ್ಬ ಟೀಚರ್ ಕಡಿಮೆ.

ಕಾಯಂ ಟೀಚರ್ ಬಂದ ಮೇಲೆ

ಕೌನ್ಸೆಲಿಂಗ್ ಮುಗಿದು ನಿಮ್ಮ ಶಾಲೆಗೆ ಯಾರೋ ಬಂದು ವರದಿ ಮಾಡಿಕೊಂಡರು ಅನ್ನಿ. ಆಮೇಲೆ ಅದೇ ಹುದ್ದೆಯ ಅತಿಥಿ ಶಿಕ್ಷಕರು ಬಿಡಬೇಕಾಗುತ್ತದೆ. ಮೂರು ದಿನವಾದರೂ ಇಬ್ಬರೂ ಒಟ್ಟಿಗೆ ಕೂತು ಎಲ್ಲಿಯವರೆಗೆ ಪಾಠ ಆಗಿದೆ, ಸೇತುಬಂಧದಲ್ಲಿ (ವರ್ಷದ ಮೊದಲಿನ ಪುನರಾವರ್ತನೆ ಪಾಠ) ಯಾವ ಮಗು ಎಲ್ಲಿ ನಿಂತಿದೆ ಎಂದು ಹಸ್ತಾಂತರ ಮಾಡಿಕೊಳ್ಳುವಂತೆ ಮುಖ್ಯ ಶಿಕ್ಷಕರನ್ನು ಕೇಳಿ. ಹೊಸಬರಿಗೆ ಊರಲ್ಲಿ ಬಾಡಿಗೆ ಮನೆ, ಬಸ್ಸಿನ ಟೈಮು ಯಾರಾದರೂ ಹೇಳಿಕೊಡಿ. ಬೆಳಿಗ್ಗೆಯ ಬಸ್ಸು ತಪ್ಪಿದರೆ ಆಟೋ ಯಾರದು, ಅವರ ನಂಬರೇನು ಅನ್ನುವುದೂ ಸೇರಿ.

ಅತಿಥಿ ಶಿಕ್ಷಕರು ಹೊರಡುವ ಮೊದಲು ಅವರ ಕೊನೆಯ ದಿನದವರೆಗಿನ ಹಾಜರಾತಿ ದೃಢೀಕರಣಕ್ಕೆ ಮುಖ್ಯ ಶಿಕ್ಷಕರ ಸಹಿ, ಸೀಲು ಹಾಕಿಸಿ ಬಿಇಒ ಕಚೇರಿಗೆ ಕಳಿಸಿ, ಒಂದು ಪ್ರತಿ ಅವರ ಕೈಗೂ ಕೊಡಿ. ಬಾಕಿ ಗೌರವಧನ ಎಷ್ಟು ತಿಂಗಳದ್ದು ಎಂದು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಅನುದಾನ ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ ಬಂದಾಗ ಅವರು ಶಾಲೆಯಲ್ಲಿ ಇರುವುದಿಲ್ಲ, ಕೇಳುವವರು ನೀವೇ.